ಟರ್ಫಿನ ಹಣೆಬರಹ ಬರೆಯುವವರು ಯಾರು?

ಪ್ರಶ್ನೆ: ಹಾಸನದ ಹೊರವಲಯದಲ್ಲಿ ನಮಗೆ ಅಪ್ಪನ ಕಾಲದ 30 ಗುಂಟೆ ಜಮೀನಿದೆ. ಗೆಳೆಯನ ಜೊತೆ ಸೇರಿ ಅಲ್ಲಿ ಬಾಕ್ಸ್ ಕ್ರಿಕೆಟ್ ಟರ್ಫ್ (ಸುತ್ತ ಬಲೆ ಕಟ್ಟಿದ ಕೃತಕ ಹುಲ್ಲಿನ ಸಣ್ಣ ಅಂಗಳ) ಮತ್ತು ಎರಡು ಬ್ಯಾಡ್ಮಿಂಟನ್ ಕೋರ್ಟ್ ಹಾಕುವ ಆಲೋಚನೆ. ಕೇಂದ್ರದ ಹೊಸ ಕ್ರೀಡಾ ನೀತಿಯಲ್ಲಿ ಸ್ಟಾರ್ಟಪ್‌ಗಳಿಗೆ ಪ್ರೋತ್ಸಾಹ ಇದೆ ಅಂತಾರೆ. ಇನ್ನೊಂದು ಕಡೆ ಡ್ರೀಮ್11ನಂಥ ದೊಡ್ಡ ಕಂಪನಿಯ ವ್ಯಾಪಾರವೇ ರಾತ್ರೋರಾತ್ರಿ ನಿಂತುಹೋಯಿತು. ಕ್ರೀಡೆಯನ್ನು ಉದ್ಯಮ ಮಾಡಿಕೊಳ್ಳುವವರಿಗೆ ಸರ್ಕಾರದ ನೀತಿ ಎಷ್ಟು ಮುಖ್ಯ? ನಮಗೂ ಹಾಗೆ ಆಗಬಹುದೇ?

ಉತ್ತರ: ಡ್ರೀಮ್11ನಿಂದಲೇ ಶುರು ಮಾಡೋಣ. ಅದು ಹಣ ಕಟ್ಟಿ ಆಡುವ ಸ್ಪರ್ಧೆಗಳನ್ನು ನಿಲ್ಲಿಸಿದ್ದು 2025ರ ಆಗಸ್ಟ್ 22ರಂದು. ಆಗಸ್ಟ್ 20ಕ್ಕೆ ಲೋಕಸಭೆಯಲ್ಲಿ, 21ಕ್ಕೆ ರಾಜ್ಯಸಭೆಯಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಪಾಸಾಯಿತು. 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣದ ಆಟ ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. 2023ರಲ್ಲಿ 358 ಕೋಟಿ ರೂಪಾಯಿಗೆ ಭಾರತ ತಂಡದ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡಿದ್ದ ಕಂಪನಿ ಅದು. ಕಾನೂನು ಬಂದ ಮುಂದಿನ ತಿಂಗಳೇ ಏಷ್ಯಾ ಕಪ್‌ನಲ್ಲಿ ನಮ್ಮವರು ಪ್ರಾಯೋಜಕರ ಹೆಸರೇ ಇಲ್ಲದ ಜೆರ್ಸಿ ಹಾಕಿಕೊಂಡು ಆಡಿದರು.

ಆ ಮಸೂದೆ ತಂದದ್ದು ಯಾವ ಇಲಾಖೆ ಗೊತ್ತಾ? ಕ್ರೀಡಾ ಸಚಿವಾಲಯ ಅಲ್ಲ. ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ.

ನಾನು ಹೇಳಬೇಕಾದ ಮಾತೆಲ್ಲ ಇದರಲ್ಲೇ ಇದೆ. ಕ್ರೀಡಾ ಉದ್ಯಮವನ್ನು ಎತ್ತುವ, ಬೀಳಿಸುವ ನಿಯಮಗಳು ಹೆಚ್ಚಾಗಿ ಕ್ರೀಡಾ ನೀತಿಯ ಪುಸ್ತಕದಲ್ಲಿ ಸಿಗುವುದಿಲ್ಲ. ಕಂದಾಯ, ಗೃಹ, ಹಣಕಾಸು, ಇಂಧನ, ಪ್ರಸಾರ, ಕಂಪನಿ ವ್ಯವಹಾರ, ಹೀಗೆ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಚದುರಿಹೋಗಿರುತ್ತವೆ. ನೀವು ಹೊಸ ಕ್ರೀಡಾ ನೀತಿಯ ಸುದ್ದಿ ಕೇಳಿದ್ದೀರಿ, ಸಂತೋಷ. ಆದರೆ ನಿಮ್ಮ ಜಮೀನಿನ ಪಹಣಿ ಓದಿದ್ದೀರಾ?

ಇನ್ನು ‘ರಾತ್ರೋರಾತ್ರಿ’ ಅಂದಿರಿ. ಅದು ಪೂರ್ತಿ ಸರಿಯಲ್ಲ. ಆ ವ್ಯಾಪಾರ ಮೊದಲಿನಿಂದಲೂ ಒಂದೇ ಒಂದು ಕಾನೂನಿನ ಗೆರೆಯ ಮೇಲೆ ನಿಂತಿತ್ತು: ಕೌಶಲದ ಆಟವಾದರೆ ಜೂಜಲ್ಲ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. ಕುದುರೆ ರೇಸಿಗೂ 1996ರಲ್ಲಿ ಅದೇ ಮಾತು ಹೇಳಿತು. ಡ್ರೀಮ್11ನ ಫ್ಯಾಂಟಸಿ ಕ್ರಿಕೆಟ್, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಫೋನಿನಲ್ಲಿ ತಂಡ ಕಟ್ಟಿ ಆಡುವ ಆಟ, ಆ ಕೊಡೆಯ ಕೆಳಗೆ ಬೆಳೆಯಿತು. ನಮ್ಮ ರಾಜ್ಯವೇ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಡ್ರೀಮ್11 ಆಗ ಕರ್ನಾಟಕದಲ್ಲಿ ಬಾಗಿಲು ಹಾಕಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಆಟಗಾರ ಕಟ್ಟುವ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂತು. ಅಲ್ಲಿಯವರೆಗೆ ಈ ಕಂಪನಿಗಳು ತಾವು ಇಟ್ಟುಕೊಳ್ಳುವ ಪಾಲಿನ ಮೇಲೆ ಮಾತ್ರ ತೆರಿಗೆ ಕಟ್ಟುತ್ತಿದ್ದವು. ಮೋಡ ಕಟ್ಟುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು, ಅಲ್ವಾ? ಮಳೆ ಯಾವ ದಿನ ಅಂತ ಮಾತ್ರ ಗೊತ್ತಿರಲಿಲ್ಲ.

ಬೇರೆ ಇಲಾಖೆಯ ಕಾನೂನು ಆಟದ ಮಾರುಕಟ್ಟೆಯನ್ನು ಮುಚ್ಚಿಸುವುದು ಮಾತ್ರವಲ್ಲ, ತೆರೆಸುವುದೂ ಉಂಟು. ನನಗೆ ಬಹಳ ಇಷ್ಟವಾದ ಉದಾಹರಣೆ 1993ರ ಹೀರೋ ಕಪ್. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನ ಫೈನಲ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ 12 ರನ್‌ಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಮಲಗಿಸಿದ್ದು ನಿಮ್ಮ ಮನೆಯ ಹಿರಿಯರಿಗೆ ಈಗಲೂ ನೆನಪಿರುತ್ತದೆ. ಆ ಟೂರ್ನಿ ಟಿವಿಯಲ್ಲಿ ಬರುತ್ತದೋ ಇಲ್ಲವೋ ಎಂಬುದೇ ಆಗ ದೊಡ್ಡ ಜಗಳವಾಗಿತ್ತು.

ಆಗ ಮನೆ ಮನೆಗೆ ತಲುಪುತ್ತಿದ್ದದ್ದು ದೂರದರ್ಶನ ಒಂದೇ. ಪಂದ್ಯ ತೋರಿಸಿ ಎಂದು ಕ್ರಿಕೆಟ್ ಮಂಡಳಿಯೇ ದೂರದರ್ಶನಕ್ಕೆ ದುಡ್ಡು ಕೊಡುತ್ತಿದ್ದ ಕಾಲ ಅದು. ಇವತ್ತಿನ ಲೆಕ್ಕದಲ್ಲಿ ನಂಬುವುದೇ ಕಷ್ಟ. ಬಂಗಾಳ ಕ್ರಿಕೆಟ್ ಸಂಸ್ಥೆ ಆ ಪದ್ಧತಿ ಬಿಟ್ಟು, ಹೀರೋ ಕಪ್‌ನ ಪ್ರಸಾರ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಕಂಪನಿಗೆ ಮಾರಿತು. ಸರ್ಕಾರ ಅಡ್ಡ ಬಂತು. ಇಲ್ಲಿಂದ ಸಿಗ್ನಲ್ ಕಳಿಸುವ ಹಕ್ಕು ಸರ್ಕಾರದ್ದು ಮಾತ್ರ ಎಂದಿತು. ಆ ಕಂಪನಿಯ ಕ್ಯಾಮೆರಾ ಸಾಮಾನು ಮುಂಬೈ ಕಸ್ಟಮ್ಸ್‌ನಲ್ಲೇ ಸಿಕ್ಕಿಬಿತ್ತು. ಸರ್ಕಾರ ಕೈಯಲ್ಲಿ ಹಿಡಿದಿದ್ದ ಅಸ್ತ್ರ ಯಾವುದು ಗೊತ್ತೇ? 1885ರ ಟೆಲಿಗ್ರಾಫ್ ಕಾಯ್ದೆ. ತಂತಿ ಸಂದೇಶಕ್ಕೆಂದು ಬ್ರಿಟಿಷರು ಮಾಡಿದ ಕಾನೂನು ಏಕದಿನ ಕ್ರಿಕೆಟಿನ ವ್ಯಾಪಾರಕ್ಕೆ ಅಡ್ಡ ನಿಂತಿತ್ತು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ತೀರ್ಪು ಬಂತು. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯ ಅಲ್ಲ ಎಂದು ನ್ಯಾಯಾಲಯ ಹೇಳಿತು. ಇವತ್ತು ಐಪಿಎಲ್ ಪ್ರಸಾರ ಹಕ್ಕು ಸಾವಿರಾರು ಕೋಟಿಗೆ ಹೋಗುತ್ತಿದ್ದರೆ, ಪ್ರೊ ಕಬಡ್ಡಿಯಂಥ ಲೀಗ್ 2014ರಲ್ಲಿ ಹುಟ್ಟಿ ನಿಂತಿದ್ದರೆ, ಅದರ ಬೇರು ಆ ತೀರ್ಪಿನಲ್ಲಿದೆ. ಆಡುವವರಲ್ಲಿ ಆಮೇಲೂ ಬದಲಾವಣೆ ಇರಲಿಲ್ಲ, ನೋಡುವವರಲ್ಲೂ ಇರಲಿಲ್ಲ. ಬದಲಾದದ್ದು ಮಾರುವ ಹಕ್ಕು ಯಾರದು ಎಂಬುದು.

ಹಾಗಂತ ಸರ್ಕಾರ ಕೈ ಕಟ್ಟಿ ಕೂರಲಿಲ್ಲ. 2007ರಲ್ಲಿ ಇನ್ನೊಂದು ಕಾಯ್ದೆ ಬಂತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ಖಾಸಗಿ ವಾಹಿನಿಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಅದರಿಂದ ಬರುವ ಟಿವಿ ಜಾಹೀರಾತಿನ ಹಣದಲ್ಲಿ ಶೇ. 75 ಹಕ್ಕುದಾರರಿಗೆ, ಶೇ. 25 ಪ್ರಸಾರ ಭಾರತಿಗೆ. ಕೋಟಿ ಕೋಟಿ ಕೊಟ್ಟು ಹಕ್ಕು ಕೊಂಡವರಿಗೆ ಇದು ಕಿರಿಕಿರಿಯೇ. ಆದರೆ ಹಳ್ಳಿಯಲ್ಲಿ ಆಂಟೆನಾ ಇಟ್ಟುಕೊಂಡವನಿಗೂ ಭಾರತದ ಪಂದ್ಯ ಸಿಗಬೇಕು ಎನ್ನುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ.

ನೀತಿ ಮಾಡುವುದು ಸರ್ಕಾರ ಮಾತ್ರ ಅಂದುಕೊಳ್ಳಬೇಡಿ. ಕ್ರೀಡಾ ಸಂಸ್ಥೆಗಳೂ ಮಾಡುತ್ತವೆ. 2007ರಲ್ಲಿ ಜೀ ಸಮೂಹ ಇಂಡಿಯನ್ ಕ್ರಿಕೆಟ್ ಲೀಗ್ ಶುರು ಮಾಡಿತ್ತು, ಐಪಿಎಲ್‌ಗಿಂತ ಮೊದಲು. ಬಿಸಿಸಿಐ ಮಾನ್ಯತೆ ಕೊಡಲಿಲ್ಲ, ಅಲ್ಲಿ ಆಡಿದವರನ್ನು ಹೊರಗಿಟ್ಟಿತು. ಲೀಗ್ ಎರಡೇ ವರ್ಷದಲ್ಲಿ ನಿಂತಿತು. 2013ರಲ್ಲಿ ಸ್ಪರ್ಧಾ ಆಯೋಗ (ಮಾರುಕಟ್ಟೆಯಲ್ಲಿ ನ್ಯಾಯದ ಪೈಪೋಟಿ ಇದೆಯೇ ಎಂದು ನೋಡುವ ಸಂಸ್ಥೆ) ಬಿಸಿಸಿಐಗೆ 52.24 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತು, 2017ರಲ್ಲಿ ಆಯೋಗ ಮತ್ತೆ ಅಷ್ಟೇ ದಂಡ ಹಾಕಿತು. ಅಷ್ಟು ಹೊತ್ತಿಗೆ ಆ ಲೀಗಿನ ಬಣ್ಣದ ಜೆರ್ಸಿಗಳು ಯಾರ ಮನೆಯ ಅಟ್ಟದಲ್ಲಿದ್ದವೋ. ನಿಮಗೆ ಇದರಿಂದ ಒಂದು ಸಣ್ಣ ಎಚ್ಚರಿಕೆ: ಟರ್ಫ್‌ನಲ್ಲಿ ಟೂರ್ನಿ ಮಾಡಿ, ಧಾರಾಳವಾಗಿ ಮಾಡಿ. ಆದರೆ ಮಾನ್ಯತೆ ಇಲ್ಲದೆ ‘ಜಿಲ್ಲಾ ಚಾಂಪಿಯನ್‌ಶಿಪ್’, ‘ರಾಜ್ಯಮಟ್ಟದ ಪ್ರಮಾಣಪತ್ರ’ ಅಂತ ಪೋಸ್ಟರ್ ಹಾಕಬೇಡಿ. ಕ್ರೀಡಾ ಕೋಟಾದ ಸೀಟಿಗೆ ಹುಡುಗರು ಆ ಕಾಗದ ಹಿಡಿದು ಹೋದಾಗ ತಲೆನೋವು ನಿಮಗೇ ಬರುತ್ತದೆ.

ಈಗ ಜಾಗದ ಮಾತು. ಆಟದ ಉದ್ಯಮಕ್ಕೆ ಜಾಗವೇ ಬಂಡವಾಳ. ಹೈದರಾಬಾದಿನ ಪುಲ್ಲೇಲ ಗೋಪಿಚಂದ್ ಅವರ ಕಥೆ ನೋಡಿ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು. ಅಕಾಡೆಮಿ ಕಟ್ಟಲು ಹೊರಟಾಗ ಆಂಧ್ರಪ್ರದೇಶ ಸರ್ಕಾರ 2003ರಲ್ಲಿ ಗಚ್ಚಿಬೌಲಿಯಲ್ಲಿ 5 ಎಕರೆ ಗುತ್ತಿಗೆಗೆ ಕೊಟ್ಟಿತು. ಜಾಗ ಸಿಕ್ಕಿತು, ಕಟ್ಟುವ ದುಡ್ಡಿರಲಿಲ್ಲ. ಮನೆ ಅಡ ಇಟ್ಟರು. ಉದ್ಯಮಿ ನಿಮ್ಮಗಡ್ಡ ಪ್ರಸಾದ್ 5 ಕೋಟಿ ಕೊಟ್ಟರು. 2008ರಲ್ಲಿ ಅಕಾಡೆಮಿ ಶುರುವಾಯಿತು. 2012ರಲ್ಲಿ ಸೈನಾ ನೆಹ್ವಾಲ್ ಒಲಿಂಪಿಕ್ ಕಂಚು ತಂದರು, 2016ರಲ್ಲಿ ಪಿ.ವಿ. ಸಿಂಧು ಬೆಳ್ಳಿ ತಂದರು. ಸರ್ಕಾರದ ಜಾಗ, ಆಟಗಾರನ ಮನೆ, ಉದ್ಯಮಿಯ ದುಡ್ಡು, ಈ ಮೂರರಲ್ಲಿ ಯಾವುದೊಂದು ಕಡಿಮೆಯಾಗಿದ್ದರೂ ಆ ಕೋರ್ಟುಗಳು ಏಳುತ್ತಿರಲಿಲ್ಲ. ಗಚ್ಚಿಬೌಲಿ ಇವತ್ತು ಐಟಿ ಕಂಪನಿಗಳ ಅಡ್ಡಾ. ಅಲ್ಲಿ ಈಗ ಯಾವ ಆಟಗಾರನೂ ಮನೆ ಅಡ ಇಟ್ಟು 5 ಎಕರೆ ಕೊಳ್ಳಲಾರ.

ನಮ್ಮಲ್ಲಿ ಇನ್ನೊಂದು ದಾರಿ ಕಾಣುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯೂದವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. 2018ರಲ್ಲಿ ಆರಂಭವಾಯಿತು, ನೀರಜ್ ಚೋಪ್ರಾ ಕೂಡ ಅಲ್ಲಿ ಅಭ್ಯಾಸ ಮಾಡಿದ್ದಾರೆ. ಹಲವು ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಸಮಾಜದ ಕೆಲಸಕ್ಕೆಂದು ಎತ್ತಿಡುವ ಹಣ, ಅಲ್ಲಿಗೆ ಬರುತ್ತದೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ, ಒಲಿಂಪಿಕ್, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯನ್ನೂ ಸೇರಿಸಿದ್ದರಿಂದ ಇದು ಸಾಧ್ಯವಾಯಿತು. ಅದೂ ಕ್ರೀಡಾ ಇಲಾಖೆಯ ಕಾನೂನಲ್ಲ, ನೋಡಿ. ಆದರೆ ನಿಮ್ಮಂಥ ಲಾಭದ ಟರ್ಫಿಗೆ ಆ ಹಣ ಬರುವುದಿಲ್ಲ. ಅದಕ್ಕೆ ಟ್ರಸ್ಟೋ ಸೊಸೈಟಿಯೋ ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿಯೋ ಇರಬೇಕು, ಬೇಕಾದ ನೋಂದಣಿಗಳೂ ಇರಬೇಕು.

ಸರಿ, ನಿಮ್ಮ 30 ಗುಂಟೆಗೆ ಬರೋಣ.

ಅಪ್ಪನ ಕಾಲದ ಜಮೀನು ಅಂದಿರಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಆಗಿದೆಯಾ? ಅಣ್ಣತಮ್ಮಂದಿರು, ಅಕ್ಕತಂಗಿಯರ ಪಾಲು ತೀರ್ಮಾನವಾಗಿದೆಯಾ? ಟರ್ಫ್ ಓಡಲು ಶುರುವಾದ ಮೇಲೆ ಮನೆಯೊಳಗಿನ ಲೆಕ್ಕಗಳು ಹೊರಗೆ ಬರುತ್ತವೆ, ಇದನ್ನು ನಾನು ಬೇಕಾದಷ್ಟು ಕಡೆ ಕಂಡಿದ್ದೇನೆ. ಆಮೇಲೆ ಕನ್ವರ್ಷನ್. ಕೃಷಿ ಜಮೀನಿನಲ್ಲಿ ಬೇರೆ ಉದ್ದೇಶದ ಕೆಲಸ ಮಾಡಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಅಡಿ ಅನುಮತಿ ಬೇಕು. ‘ಬರೀ ಹುಲ್ಲಿನ ಮ್ಯಾಟ್ ಹಾಸುತ್ತೇವೆ, ಕಟ್ಟಡ ಏನಿಲ್ಲವಲ್ಲ’ ಎಂಬ ವಾದ ಕಚೇರಿಯಲ್ಲಿ ನಿಲ್ಲುವುದಿಲ್ಲ. ಕಬ್ಬಿಣದ ಕಂಬ, ಬಲೆ, ಕಾಂಕ್ರೀಟ್ ತಳ, ಪಾರ್ಕಿಂಗ್ ಇವೆಲ್ಲ ಇದ್ದ ಮೇಲೆ ಅದು ಹೊಲವಲ್ಲ. ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಬಳಿದಿದ್ದಾರೆ ಅಂತಲೂ ನೋಡಿ. ಹಸಿರು ವಲಯವಾದರೆ ಕಥೆಯೇ ಬೇರೆ.

ಕರೆಂಟ್. ಜಮೀನಿನಲ್ಲಿ ಬೋರ್‌ವೆಲ್ ಇರಬಹುದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಆ ಲೈನಿನಿಂದ ಫ್ಲಡ್‌ಲೈಟಿಗೆ ಒಂದು ವೈರ್ ಎಳೆಯುವ ಆಸೆ ಬರುತ್ತದೆ, ‘ಎಲ್ರೂ ಮಾಡ್ತಾರೆ’ ಅನ್ನುವ ಎಲೆಕ್ಟ್ರಿಷಿಯನ್ನೂ ಸಿಗುತ್ತಾನೆ. ಬೇಡ. ವಾಣಿಜ್ಯ ಮೀಟರನ್ನೇ ಹಾಕಿಸಿ. ನಿಮ್ಮ ಖರ್ಚಿನ ಲೆಕ್ಕವನ್ನೂ ಆ ದರದಲ್ಲೇ ಬರೆಯಿರಿ.

ಎರಡು ವರ್ಷದ ಹಿಂದೆ ಇನ್ನೊಂದು ಜಿಲ್ಲಾ ಕೇಂದ್ರದಲ್ಲಿ ಪರಿಚಯದವರ ಟರ್ಫ್‌ನಲ್ಲಿ ಕೂತಿದ್ದೆ. ಶನಿವಾರ ರಾತ್ರಿ. ಹತ್ತರಿಂದ ಹನ್ನೊಂದರ ಸ್ಲಾಟ್, ಬ್ಯಾಂಕಿನ ಹುಡುಗರದೊಂದು ತಂಡ, ಮೊಬೈಲ್ ಅಂಗಡಿಯವರದೊಂದು. ಬೂಟಿನೊಳಗೆ ಸೇರಿಕೊಂಡ ರಬ್ಬರಿನ ಕಪ್ಪು ಕಾಳುಗಳನ್ನು ಒಬ್ಬ ಬೆಂಚಿನ ಮೇಲೆ ಕುಟ್ಟಿ ಉದುರಿಸುತ್ತಿದ್ದ. ಹಿಂದೆ ತಗಡಿನ ತಡೆ. ಚೆಂಡು ಬಡಿದಾಗಲೆಲ್ಲ ದಢಾರ್. ಹತ್ತೂಕಾಲಿಗೆ 112ರ ಪೊಲೀಸ್ ಗಾಡಿ ಬಂತು. ಇಳಿದವರು ಜಗಳವೇನೂ ಆಡಲಿಲ್ಲ. ಹಿಂದಿನ ರಸ್ತೆಯ ಮನೆಯಲ್ಲಿ ಬಾಣಂತಿ ಇದ್ದಾರಂತೆ, ಫೋನ್ ಬಂದಿದೆ, ಆಫ್ ಮಾಡಿ ಅಂದರು. ಮಾಲೀಕರು ಹೋಗಿ ಸ್ವಿಚ್ ಒತ್ತಿದರು. ಕತ್ತಲಲ್ಲಿ ಬೌಲರ್ ಚೆಂಡು ಹಿಡಿದೇ ನಿಂತಿದ್ದ. ಅವರಿಗೆಲ್ಲ ದುಡ್ಡು ವಾಪಸ್.

2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ ಹತ್ತರಿಂದ ಬೆಳಗಿನ ಆರು. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಒಂದು ‘ಔಟ್’ ಎಂಬ ಕೂಗಿಗೇ ಅದು ದಾಟುತ್ತದೆ. ಈಗ ಲೆಕ್ಕ ಹಾಕಿ. ವಾರದ ದಿನಗಳಲ್ಲಿ ಜನ ಬರುವುದು ಸಂಜೆ ಆರರ ಮೇಲೆ. ಹತ್ತಕ್ಕೆ ಮುಚ್ಚಿದರೆ ನಾಲ್ಕು ಸ್ಲಾಟ್, ಹನ್ನೊಂದಕ್ಕೆ ಮುಚ್ಚಿದರೆ ಐದು. ಒಂದೇ ಗಂಟೆ, ಆದರೆ ಸಂಜೆಯ ಆದಾಯದಲ್ಲಿ ಕಾಲು ಭಾಗದಷ್ಟು ವ್ಯತ್ಯಾಸ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ನಾಲ್ಕೇ ಸ್ಲಾಟ್ ತೋರಿಸಿ. ನಾಲ್ಕರಲ್ಲಿ ಕಂತು ಕಟ್ಟಲಾಗದಿದ್ದರೆ ಆ ಜಾಗದಲ್ಲಿ ಟರ್ಫ್ ಬೇಡ. ತಗಡಿನ ಬದಲು ದಪ್ಪ ಬಲೆ, ಮನೆಗಳ ಕಡೆಗೆ ಬೆಳಕು ಬೀಳದ ಹಾಗೆ ದೀಪದ ಕೋನ, ಇವು ಮೊದಲ ದಿನವೇ ಆಗಬೇಕಾದ ಕೆಲಸ.

ತೆರಿಗೆಯಲ್ಲಿ ಇನ್ನೂ ಸ್ವಾರಸ್ಯ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತಲ್ಲ, ಆಗ ಬ್ಯಾಟು, ಚೆಂಡು, ರಾಕೆಟ್‌ನಂಥ ಕ್ರೀಡಾ ಸಾಮಗ್ರಿ ಶೇ. 12ರಿಂದ 5ಕ್ಕೆ ಇಳಿಯಿತು. ಜಿಮ್ ಶುಲ್ಕ 18ರಿಂದ 5ಕ್ಕೆ ಇಳಿಯಿತು. ಅದೇ ದಿನ ಐಪಿಎಲ್ ಟಿಕೆಟ್ 28ರಿಂದ 40ಕ್ಕೆ ಏರಿತು. ಮೈ ಬೆವರಿಸಿದರೆ ಆರೋಗ್ಯ, ಕೂತು ನೋಡಿದರೆ ಶೋಕಿ, ಇದು ಸರ್ಕಾರದ ಮನಸ್ಸು. ಹಾಗಾದರೆ ಟರ್ಫ್ ಬಾಡಿಗೆ? ಅಲ್ಲೂ ಬೆವರೇ ಹರಿಯುವುದು. ಆದರೆ ಅದು ಜಿಮ್‌ನ ಗುಂಪಿಗೆ ಸೇರಿಲ್ಲ, ಶೇ. 18ರ ಲೆಕ್ಕವೇ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಆಗಲೇಬೇಕು. ಬ್ಯಾಡ್ಮಿಂಟನ್ ಕೋಚಿಂಗ್ ಕೊಡುವ ಯೋಚನೆ ಇದ್ದರೆ ಇನ್ನೊಂದು ವಿಷಯ: ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತ ದತ್ತಿ ಸಂಸ್ಥೆ ಕೊಡುವ ಕ್ರೀಡಾ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇದೆ, ನೀವು ಕಂಪನಿಯಾಗಿ ಕೊಟ್ಟರೆ ಇಲ್ಲ. ಹಾಗಂತ ತೆರಿಗೆ ಉಳಿಸಲು ಸುಮ್ನೆ ಟ್ರಸ್ಟ್ ಮಾಡಿಕೊಳ್ಳಬೇಡಿ. ಟ್ರಸ್ಟಿನ ದುಡ್ಡು ನಿಮ್ಮ ಜೇಬಿಗೆ ಬರುವ ಹಾಗಿಲ್ಲ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅನಿಸಬಹುದು. ನೀತಿಯೇ ಗಿರಾಕಿಯನ್ನು ತಂದುಕೊಡುವ ಜಾಗವೂ ಒಂದಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನಿಮ್ಮ ಟರ್ಫ್ ಬಿಸಿಲಿಗೆ ಒಣಗುತ್ತಾ ಬಿದ್ದಿರುತ್ತದೆ. ಅದೇ ಹೊತ್ತಿಗೆ ಊರಿನ ಎಷ್ಟೋ ಖಾಸಗಿ ಶಾಲೆಗಳ ಮಕ್ಕಳಿಗೆ ಓಡಲು ಜಾಗ ಇರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಎಂದಿದೆ. ಸಿಬಿಎಸ್‌ಇ 2018ರಿಂದ 9ರಿಂದ 12ನೇ ತರಗತಿಗೆ ದಿನಕ್ಕೊಂದು ದೈಹಿಕ ಶಿಕ್ಷಣದ ಪೀರಿಯಡ್ ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ 2003ರಲ್ಲಿ ಶುರುವಾದ ಸ್ಪೋರ್ಟ್ಜ್ ವಿಲೇಜ್ ಎಂಬ ಕಂಪನಿ ಶಾಲೆಗಳಿಗೆ ಕ್ರೀಡಾ ಪಾಠ ಒದಗಿಸುವುದನ್ನೇ ಉದ್ಯಮ ಮಾಡಿಕೊಂಡಿತು. ನಿಮ್ಮ ಮಟ್ಟದಲ್ಲಿ ನೀವೂ ಮಾಡಬಹುದು. ಎರಡು ಶಾಲೆ, ವಾರಕ್ಕೆ ಮೂರು ದಿನ, ವರ್ಷದ ಒಪ್ಪಂದ. ದರ ಕಡಿಮೆ ಇರಲಿ. ಹತ್ತು ಗಂಟೆ ರಾತ್ರಿಯ ಸ್ಲಾಟ್ ಕಳೆದುಕೊಂಡ ದುಡ್ಡಿನಲ್ಲಿ ಸ್ವಲ್ಪ ಭಾಗವಾದರೂ ಹತ್ತು ಗಂಟೆ ಬೆಳಿಗ್ಗೆಯ ಪೀರಿಯಡ್‌ನಲ್ಲಿ ಬರುತ್ತದೆ. ಆಟೋದಲ್ಲಿ ಬರುವ ಮಕ್ಕಳಿಗೆ ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯ ಇದ್ದರೆ ಹೆಡ್‌ಮೇಡಂ ಬೇಗ ಒಪ್ಪುತ್ತಾರೆ.

ಹೊಸ ಕ್ರೀಡಾ ನೀತಿಯ ಬಗ್ಗೆಯೂ ಕೇಳಿದ್ದೀರಿ. 2025ರ ಜುಲೈ 1ರಂದು ಕೇಂದ್ರ ಸಂಪುಟ ಒಪ್ಪಿದ ಖೇಲೋ ಭಾರತ್ ನೀತಿ 2001ರ ನೀತಿಯ ಜಾಗಕ್ಕೆ ಬಂದಿದೆ. ಕ್ರೀಡೆಯಿಂದ ಆರ್ಥಿಕ ಬೆಳವಣಿಗೆ ಎಂಬುದನ್ನು ಅದರ ಐದು ಕಂಬಗಳಲ್ಲಿ ಒಂದಾಗಿ ಇಟ್ಟಿದ್ದಾರೆ. ಕ್ರೀಡಾ ಪ್ರವಾಸೋದ್ಯಮ, ಸಾಮಗ್ರಿ ತಯಾರಿಕೆ, ಸ್ಟಾರ್ಟಪ್, ಖಾಸಗಿ ಸಹಭಾಗಿತ್ವ ಎಲ್ಲದರ ಪ್ರಸ್ತಾಪ ಇದೆ. ಒಳ್ಳೆಯದೇ. ಆದರೆ ನೀತಿ ಬೇರೆ, ಕಾಯ್ದೆ ಬೇರೆ. ನೀತಿಯ ಪುಸ್ತಕ ಹಿಡಿದು ಹೋಗಿ ಸಾಲ ಕೊಡಿ ಎಂದರೆ ಬ್ಯಾಂಕ್ ಮ್ಯಾನೇಜರ್ ಟೀ ಕುಡಿಸಿ ಕಳಿಸುತ್ತಾರೆ. ಜೊತೆಗೆ ಸಂವಿಧಾನದಲ್ಲಿ ಕ್ರೀಡೆ ರಾಜ್ಯ ಪಟ್ಟಿಯ 33ನೇ ವಿಷಯ. ಮುಂದಿನದ್ದು, 34, ಜೂಜು. ಜಮೀನು, ಪೊಲೀಸು, ಸ್ಥಳೀಯ ಸಂಸ್ಥೆ ಎಲ್ಲ ರಾಜ್ಯದ ಕೈಯಲ್ಲೇ ಇವೆ. ದೆಹಲಿಯ ಮಾತು ಹಾಸನದ ಟೇಬಲ್ಲಿಗೆ ಬರುವಷ್ಟರಲ್ಲಿ ತೆಳ್ಳಗಾಗಿರುತ್ತದೆ.

ನಿಮಗೂ ಡ್ರೀಮ್11 ಗತಿ ಬರಬಹುದೇ? ಆ ರೀತಿ ಅಲ್ಲ. ಟರ್ಫ್ ಆಡುವ ಜಾಗ, ಅದನ್ನು ಅಪರಾಧ ಅಂತ ಯಾರೂ ಕಾನೂನು ಮಾಡುವುದಿಲ್ಲ. (ಹುಡುಗರು ಮ್ಯಾಚಿಗೆ ದುಡ್ಡು ಕಟ್ಟಿ ಆಡಿಸುವುದಕ್ಕೆ ಮಾತ್ರ ಬಿಡಬೇಡಿ. ಅದು 34ನೇ ವಿಷಯಕ್ಕೆ ಹೋಗಿಬಿಡುತ್ತದೆ.) ಆದರೆ ಬೇರೆ ಕಡೆ ನಡೆದ ಅನಾಹುತದಿಂದ ನಿಮ್ಮ ನಿಯಮ ಬಿಗಿಯಾಗಬಹುದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ನಂತರ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್‌ನಲ್ಲಿ ಬೆಂಗಳೂರಿನ ಜಾಗಕ್ಕೆ ನವಿ ಮುಂಬೈ ಬಂತು. ಜನಸಂದಣಿ ನಿಯಂತ್ರಣಕ್ಕೆ ರಾಜ್ಯ ಸರ್ಕಾರ ಮಸೂದೆಯನ್ನೇ ತಂದಿತು. ಕ್ರೀಡಾಂಗಣದ ಸುತ್ತ ಜೆರ್ಸಿ ಮಾರುವವರು, ಕೆನ್ನೆಗೆ ಬಣ್ಣ ಬಳಿಯುವವರು, ಆಟೋದವರು ಆ ತಿಂಗಳುಗಳಲ್ಲಿ ಏನು ಮಾಡಿದರು ಅಂತ ನಾನು ನೋಡಿದ ಯಾವ ವರದಿಯೂ ಬರೆಯಲಿಲ್ಲ. ಅವರೂ ಕ್ರೀಡಾ ಉದ್ಯಮಿಗಳೇ. ನಿಮ್ಮ ಟರ್ಫ್‌ನಲ್ಲಿ ಫೈನಲ್ ದಿನ ಜನ ಸೇರುತ್ತಾರೆ, ಆದ್ದರಿಂದ ಬಲೆಯ ಎರಡೂ ಕಡೆ ಬಾಗಿಲು ಇಡಿಸಿ, ಠಾಣೆಗೆ ಮೊದಲೇ ಒಂದು ಅರ್ಜಿ ಕೊಡಿ, ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬನ್ನಿ.

ಸದ್ಯಕ್ಕೆ ಇಷ್ಟು ಮಾಡಿ. ಪಹಣಿ, ಸರ್ವೆ ಸ್ಕೆಚ್ ಮತ್ತು ಸುತ್ತಲಿನ ಮನೆಗಳಿಗೆ ಎಷ್ಟು ದೂರ ಎಂಬ ಅಳತೆ, ಈ ಮೂರನ್ನು ತೆಗೆದಿಟ್ಟುಕೊಂಡು ಮತ್ತೆ ಬರೆಯಿರಿ. ಕೋರ್ಟಿನ ಚಾವಣಿ ಎಷ್ಟೆತ್ತರ ಬೇಕು, ಯಾವ ಮ್ಯಾಟ್ ಹಾಸಬೇಕು ಅನ್ನುವುದನ್ನು ಅವನ್ನು ನೋಡಿದ ಮೇಲೆ ಮಾತಾಡೋಣ. ಮ್ಯಾಟಿಗೆ ಅಡ್ವಾನ್ಸ್ ಮಾತ್ರ ಈಗಲೇ ಕೊಟ್ಟುಬಿಡಬೇಡಿ.